ಅತ್ತೆಯ ಆಟೋಗ್ರಾಫು, ನನ್ನ ತಲೆನೋವು

ನನ್ನ ವಯಸ್ಸಿನ ಹೆಂಗಸರ ಕೈಚೀಲದಲ್ಲಿ ಏನಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಕನ್ನಡಕದ ಡಬ್ಬಿ, ಬಿಪಿ ಮಾತ್ರೆ, ಮೆಟ್ರೋ ಕಾರ್ಡು, ಎಂದೋ ಯಾವುದೋ ಮದುವೆಯಲ್ಲಿ ಕೊಟ್ಟ ಅಡಿಕೆ ಪುಡಿಯ ಪೊಟ್ಟಣ. ನನ್ನ ಚೀಲದಲ್ಲಿ ಇವುಗಳ ಜೊತೆಗೆ, ರಬ್ಬರ್ ಬ್ಯಾಂಡ್ ಬಿಗಿದ ಒಂದು ಆಟೋಗ್ರಾಫ್ ಪುಸ್ತಕವೂ ಎರಡು ಪೆನ್ನುಗಳೂ ಇರುತ್ತವೆ. ಎರಡು ಪೆನ್ನು ಏಕೆಂದರೆ ದೊಡ್ಡ ಮನುಷ್ಯರ ಕೈಗೆ ಕೊಟ್ಟ ಕ್ಷಣದಲ್ಲೇ ಮೊದಲನೆಯ ಪೆನ್ನು ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. ಇದು ಇಪ್ಪತ್ತೇಳು ವರ್ಷಗಳ ಅನುಭವದಿಂದ ಹೇಳುತ್ತಿರುವ ಮಾತು. ನೆನ್ನೆ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಹುಡುಕುವಾಗ ಈ ಪುಸ್ತಕ ಗಲ್ಲಾದ ಮೇಲೆ ಬಿದ್ದು, ಅಂಗಡಿಯಾತ ಅದನ್ನೂ ನನ್ನನ್ನೂ ನೋಡಿದ ರೀತಿಗೆ ಕಿವಿ ಬಿಸಿಯಾಯಿತು. ಈ ಪುಸ್ತಕ ನನ್ನದಲ್ಲ, ನಮ್ಮ ಅತ್ತೆಯದು ಎಂದು ಅವನಿಗೆ ತಮಿಳಿನಲ್ಲಿ ಹೇಳಿದೆ. ಅವನು ಕೇಳಿರಲೇ ಇಲ್ಲ.

ನಮ್ಮ ಅತ್ತೆ ಪಾರ್ವತೆವ್ವನವರಿಗೆ ಈಗ ಎಪ್ಪತ್ತಾರು. ಹುಬ್ಬಳ್ಳಿಯವರು. ರೈಲು ಡಬ್ಬಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಾವನವರ ಕೈಹಿಡಿದು ಪೆರಂಬೂರಿಗೆ ಬಂದವರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಬಾಳಿ, ಈಗ ಅಣ್ಣಾ ನಗರದ ನಮ್ಮ ಮನೆಯಲ್ಲಿದ್ದಾರೆ. ಇಷ್ಟು ವರ್ಷ ಮದರಾಸಿನಲ್ಲಿದ್ದರೂ ಅವರ ಹುಬ್ಬಳ್ಳಿ ಕನ್ನಡ ಒಂದು ಕೂದಲೆಳೆಯಷ್ಟೂ ಸವೆದಿಲ್ಲ. ತಮಿಳನ್ನೂ ಅವರು ಹುಬ್ಬಳ್ಳಿಯ ರಾಗದಲ್ಲೇ ಆಡುತ್ತಾರೆ. ನಾನು ತುಮಕೂರಿನವಳು, ಹೆಸರು ಉಮಾ. ಮದುವೆಯಾದ ಹೊಸತರಲ್ಲಿ ಅತ್ತೆಯ ಮಾತು ಅರ್ಥವಾಗಲು ಗಂಡನ ಮುಖ ನೋಡುತ್ತಿದ್ದೆ. ಈಗ ಮಗಳು ಶ್ವೇತಾ, ನಾವಿಬ್ಬರೂ ಏನು ಹೇಳಿದರೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಟ್ಟು ಶೋಳಿಂಗನಲ್ಲೂರಿನ ಆಫೀಸಿಗೆ ಹೊರಟುಹೋಗುತ್ತಾಳೆ.

ಅತ್ತೆಯ ಹುಚ್ಚು ಯಾವ ಮಟ್ಟದ್ದೆಂದು ನಿಮಗೆ ತಿಳಿಯಬೇಕು. ಸಿನಿಮಾದವರು, ಕ್ರಿಕೆಟಿನವರು, ಸಂಗೀತಗಾರರು ಸರಿ. ಆದರೆ ಟಿವಿಯಲ್ಲಿ ಹವಾಮಾನ ಹೇಳುವವರು, ಅಡುಗೆ ಸ್ಪರ್ಧೆಯಲ್ಲಿ ಎರಡನೆಯ ವಾರವೇ ಹೊರಬಿದ್ದವರು, ಸೀರೆ ಅಂಗಡಿಯ ಜಾಹೀರಾತಿನಲ್ಲಿ ಅಜ್ಜಿಯಾಗಿ ನಕ್ಕವರು, ಎಲ್ಲರೂ ಅವರ ಲೆಕ್ಕದಲ್ಲಿ ಗಣ್ಯರೇ. ಒಮ್ಮೆ ತರಕಾರಿ ಅಂಗಡಿಯಲ್ಲಿ, ಟಿವಿಯ ಹಾಡಿನ ಸ್ಪರ್ಧೆಯಲ್ಲಿ ತೀರ್ಪು ಕೊಡುವವರು ಇವರೇ ಎಂದು ಒಬ್ಬರ ಬೆನ್ನು ಬಿದ್ದರು. ಅವರು ಎಷ್ಟು ಅಲ್ಲವೆಂದರೂ ಬಿಡಲಿಲ್ಲ. ಕೊನೆಗೆ ಆ ಮನುಷ್ಯ ಸೋತು ರುಜು ಹಾಕಿಕೊಟ್ಟ. ಮನೆಗೆ ಬಂದು ನೋಡಿದರೆ ಹೆಸರಿನ ಮುಂದೆ ದಂತವೈದ್ಯದ ಡಿಗ್ರಿ, ಅದರ ಕೆಳಗೆ ಕ್ಲಿನಿಕ್ಕಿನ ವೇಳೆ. ಅತ್ತೆ ಆ ಹಾಳೆ ಹರಿಯಲಿಲ್ಲ. ಮುಂದೆ ಅವರ ಹಲ್ಲಿನ ಸೆಟ್ಟು ಮಾಡಿಸಿದ್ದು ಅಲ್ಲಿಯೇ.

ಇಂಥ ಪ್ರತಿ ಸಂದರ್ಭದಲ್ಲೂ ಪುಸ್ತಕ ಹಿಡಿದು ಮುಂದೆ ನುಗ್ಗಬೇಕಾದವಳು ನಾನು. ಅತ್ತೆಗೆ ಮೊಣಕಾಲು ನೋವು. ದೊಡ್ಡವರು ಎಂದೂ ನಿಂತಲ್ಲಿ ನಿಲ್ಲುವುದಿಲ್ಲ. ನನಗೋ ಹುಟ್ಟಾ ಸಂಕೋಚ. ತುಮಕೂರಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಎಲ್ಲರಂತೆ ನನ್ನದೂ ಒಂದು ಆಟೋಗ್ರಾಫ್ ಪುಸ್ತಕವಿತ್ತು. ಗುಲಾಬಿ, ಹಳದಿ, ತಿಳಿ ಹಸಿರು ಹಾಳೆಗಳು, ಗೆಳತಿಯರ ‘ಮರೆಯಬೇಡ’ಗಳು. ಆ ಗೆಳತಿಯರಲ್ಲಿ ಅರ್ಧ ಮಂದಿಯ ಮುಖ ಈಗ ನೆನಪಿಗೆ ಬರುವುದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದ ನಾಟಕದ ನಟರೊಬ್ಬರ ಮುಂದೆ ಪುಸ್ತಕ ಹಿಡಿದೆ. ಅವರು ಸೊಗಸಾಗಿ ರುಜು ಹಾಕಿ, ನನ್ನ ತಲೆ ಸವರಿ, ಅಪ್ಪನ ಇಂಕ್ ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡು ನಡೆದುಬಿಟ್ಟರು. ಕೇಳಲು ಬಾಯಿ ಬರಲಿಲ್ಲ. ಮನೆಯಲ್ಲಿ ಬೈಸಿಕೊಂಡೆ. ಕೀರ್ತಿವಂತರ ಹತ್ತಿರ ಹೋಗಬಾರದೆಂದು ಅಂದೇ ತೀರ್ಮಾನಿಸಿದ್ದವಳನ್ನು ವಿಧಿ ತಂದು ಕೂರಿಸಿದ್ದು ಈ ಮನೆಯಲ್ಲಿ.

ಈಗ ಆಟೋಗ್ರಾಫ್ ಯಾರೂ ಕೇಳುವುದಿಲ್ಲ, ಸೆಲ್ಫಿ ತೆಗೆದುಕೊಂಡರೆ ಮುಗಿಯಿತು ಎಂದು ಶ್ವೇತಾ ಅಜ್ಜಿಗೆ ನೂರು ಸಲ ಹೇಳಿದ್ದಾಳೆ. ಫೋಟೋದಲ್ಲಿ ತನ್ನ ಮುಖವೂ ಇರುತ್ತದೆ, ಅದನ್ನು ದಿನಾ ಕನ್ನಡಿಯಲ್ಲಿ ನೋಡಿ ಸಾಕಾಗಿದೆ ಎಂಬುದು ಅತ್ತೆಯ ವಾದ. ರುಜು ಎಂದರೆ ಸಾಕ್ಷಿ. ಅವರು ಬಂದಿದ್ದರು, ಇವರ ಮುಂದೆ ನಿಂತಿದ್ದರು, ಅವರ ಕೈ ಈ ಹಾಳೆಯ ಮೇಲೆ ಆಡಿತ್ತು ಎನ್ನುವುದಕ್ಕೆ ಸಾಕ್ಷಿ.

ಈ ಸಾಕ್ಷಿಯ ಹಟ ಎಲ್ಲಿಂದ ಬಂತೆಂದು ಹೇಳಬೇಕಾದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ಪೆರಂಬೂರಿನ ಕ್ವಾರ್ಟರ್ಸಿನ ಬೀದಿಯಲ್ಲಿ ಒಂದು ಸಿನಿಮಾದ ಶೂಟಿಂಗ್ ನಡೆದಿತ್ತಂತೆ. ನಾಯಕಿ ಮೂರು ಭಾಷೆಗಳಲ್ಲಿ ಹೆಸರು ಮಾಡಿದ್ದವಳು. ಹೆಸರು ಮಾತ್ರ ನನ್ನನ್ನು ಕೇಳಬೇಡಿ. ಆಕೆ ಸೀರೆ ಬದಲಿಸಲು ಒಂದು ಕೋಣೆ ಬೇಕೆಂದು ಸಿನಿಮಾದವರು ಅತ್ತೆಯನ್ನು ಕೇಳಿದರು. ಬೀದಿಯ ಜನವೆಲ್ಲ ಮುಂದುಗಡೆ ನಾಯಕನನ್ನು ಮುತ್ತಿಕೊಂಡಿದ್ದಾಗ ನಾಯಕಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳು ಮುಕ್ಕಾಲು ಗಂಟೆ ಇದ್ದಳು. ಬಂದ ದಾರಿಯಲ್ಲೇ ಹೋದಳು.

ಸಂಜೆ ಅತ್ತೆ ಈ ಸುದ್ದಿ ಹೇಳಿದಾಗ ಪಕ್ಕದ ಮನೆಯ ಕಮಲಾ ನಂಬಲಿಲ್ಲ. ಕಮಲಾ ಅತ್ತೆಯ ಜೀವದ ಗೆಳತಿ, ತಮಿಳಿನವರು, ಪೊಲೀಸಿನವರಂತೆ ಪ್ರಶ್ನೆ ಕೇಳುವವರು. ಮುಕ್ಕಾಲು ಗಂಟೆ ಆಕೆ ಏನು ಮಾಡಿದಳು ಎಂದು ಕೇಳಿದರು. ಕಾಫಿ ಕುಡಿದಳು ಎಂದರು ಅತ್ತೆ. ಸೀರೆ ಉಡಲು ಹತ್ತು ನಿಮಿಷ, ಕಾಫಿಗೆ ಐದು ನಿಮಿಷ, ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಎಂದರು ಕಮಲಾ. ಅತ್ತೆ ತಡವರಿಸಿದರು. ಒಂದು ರುಜುವಾದರೂ ಇದೆಯೇ ಎಂದರೆ ಅದೂ ಇಲ್ಲ. ಅಂದಿನಿಂದ ಆ ಬೀದಿಯಲ್ಲಿ ಯಾರಾದರೂ ಬುರುಡೆ ಬಿಟ್ಟರೆ ‘ಪಾರ್ವತಿಯಕ್ಕನ ಕಾಫಿ’ ಎನ್ನುವುದು ರೂಢಿಯಾಯಿತು. ನನ್ನ ಮದುವೆಯ ಆರತಕ್ಷತೆಯಲ್ಲೂ ಕಮಲಾ ಈ ಮಾತು ಹೇಳಿ ಎಲ್ಲರನ್ನೂ ನಗಿಸಿದ್ದರು. ಅತ್ತೆಯೂ ನಕ್ಕಿದ್ದರು. ಮರುವಾರವೇ ಹೊಸ ಸೊಸೆಯಾದ ನನ್ನ ಕೈಗೆ ಪುಸ್ತಕ ಬಂತು.

ನಿಜ ಹೇಳಿಬಿಡುತ್ತೇನೆ, ನಾನೂ ನಂಬಿರಲಿಲ್ಲ. ಆಕೆಯ ಹಳೆಯ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಅತ್ತೆ ಕಥೆ ಶುರು ಮಾಡುತ್ತಿದ್ದರು. ನಾನು ಒಗ್ಗರಣೆಯ ನೆಪ ಹೇಳಿ ಅಡುಗೆಮನೆಗೆ ನಡೆಯುತ್ತಿದ್ದೆ.

ಹೀಗಿರುವಾಗ ಹೋದ ತಿಂಗಳು ಅತ್ತೆಯ ಕಣ್ಣಿನ ಪೊರೆ ತೋರಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಆಸ್ಪತ್ರೆಯ ಕಾಯುವಿಕೆ ಬಲ್ಲವರಿಗೇ ಗೊತ್ತು. ಹತ್ತು ನಿಮಿಷಕ್ಕೊಮ್ಮೆ ಸಿಸ್ಟರ್ ಬಂದು ಕಣ್ಣಿಗೆ ಹನಿ ಬಿಡುತ್ತಾರೆ, ಕಣ್ಣು ತೆರೆಯಬೇಡಿ ಎಂದು ಗದರುತ್ತಾರೆ, ಹೋಗುತ್ತಾರೆ. ಹಾಲಿನ ತುಂಬ ಮುದುಕರು ಮುದುಕಿಯರು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ಕಣ್ಣು ಬಿಟ್ಟುಕೊಂಡು ಬೇಸರಪಡುವ ಕೆಲಸ ನಮ್ಮಂಥವರದು. ಎರಡು ಗಂಟೆಯಾಗಿತ್ತು, ನನಗೆ ತಲೆ ಸಿಡಿಯುತ್ತಿತ್ತು. ಅತ್ತೆಯ ಬಲಕ್ಕೆ ಕೂತಿದ್ದ ಹೆಂಗಸು ಇನ್ನೂ ಎಷ್ಟು ಹೊತ್ತು ಎಂದು ಸಿಸ್ಟರನ್ನು ತಮಿಳಿನಲ್ಲಿ ಕೇಳಿದರು. ಅಷ್ಟೇ. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

“ಉಮಾ, ನನ್ನ ಬಾಜೂಕ ಕುಂತಾಕಿ ಯಾರು ನೋಡು.”

ನೋಡಿದೆ. ಅರವತ್ತು ದಾಟಿದ ಹೆಂಗಸು, ಮೋಟಾಗಿ ಕತ್ತರಿಸಿದ ಬಿಳಿ ಕೂದಲು, ನೂಲಿನ ಸೀರೆ, ಅತ್ತೆಯಂತೆಯೇ ಮುಚ್ಚಿದ ಕಣ್ಣು. ಯಾರೋ ಪಾಪ, ಸುಮ್ಮನಿರಿ ಎಂದೆ.

“ಆಕೀದ ದನಿ ಅದು. ನೆಗಡಿ ಆದಂಗ ಇರತಿತ್ತಲ್ಲ, ಅದ.”

ದನಿ ಸ್ವಲ್ಪ ಒಡೆದಂತಿತ್ತು, ನಿಜ. ಆದರೆ ದಂತವೈದ್ಯರ ಪ್ರಸಂಗ ನನ್ನ ಕಣ್ಣ ಮುಂದಿತ್ತು. ಅಲ್ಲಿಂದ ಎದ್ದು ಓಡಿಹೋಗುವಷ್ಟು ರೇಗಿತು. ಇಲ್ಲಿ ಬೇಡ, ರೋಗಿಗಳನ್ನಾದರೂ ಬಿಟ್ಟುಬಿಡಿ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅತ್ತೆ ನನ್ನ ಮಣಿಕಟ್ಟು ಬಿಟ್ಟು ತಾವೇ ಬಲಕ್ಕೆ ತಿರುಗಿದರು. ನೀವು ಇಂಥವರಲ್ಲವೇ ಎಂದು ತಮ್ಮ ಹುಬ್ಬಳ್ಳಿ ತಮಿಳಿನಲ್ಲಿ ಕೇಳಿಯೇಬಿಟ್ಟರು. ಆ ಹೆಂಗಸು ಮುಖ ಅಲುಗಿಸದೆ “ಇಲ್ಲೀಂಗಮ್ಮಾ” ಎಂದರು. ತಾನು ಅವರಲ್ಲ, ಬಹಳ ಜನ ಹೀಗೇ ಕೇಳುತ್ತಾರೆ ಎಂದೂ ಸೇರಿಸಿದರು.

ನನಗೆ ಜೀವ ಬಂತು. ಅತ್ತೆ ಬೇಸರಪಡಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕಥೆ ಶುರು ಮಾಡಿದರು. ತಮ್ಮ ಕಣ್ಣು ಮುಚ್ಚಿದ್ದರೆ ಊರವರ ಕಿವಿಯೂ ಮುಚ್ಚಿರುತ್ತದೆ ಎಂದುಕೊಂಡಿದ್ದರೋ ಏನೋ, ಹಾಲಿಗೆಲ್ಲ ಕೇಳುವಂತೆ. ಕ್ವಾರ್ಟರ್ಸು, ಹಿತ್ತಲ ಬಾಗಿಲು, ಸೀರೆ, ಕಾಫಿ, ಕಮಲಾ, ಕಮಲಾಳ ನಗು. ಒಂದನ್ನೂ ಬಿಡದೆ ಹೇಳಿದರು. ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರದಲ್ಲಿ ನರಗಳನ್ನು ಎಣಿಸುತ್ತ ಕೂತಿದ್ದೆ.

ಕಥೆ ಮುಗಿಯಿತು. ಪಕ್ಕದ ಹೆಂಗಸು ಅಚ್ಚ ಕನ್ನಡದಲ್ಲಿ ಕೇಳಿದರು. “ಅವರು ನಿಮ್ಮನೆಗೆ ಬಂದಾಗ ಏನು ಕೊಟ್ರಿ ಅವರಿಗೆ?”

“ಕಾಫಿ ಕೊಟ್ಟೆ,” ಎಂದರು ಅತ್ತೆ.

“ಕಾಫಿ ಅಷ್ಟೇನಾ?”

ನಾನು ಅತ್ತೆಯ ಕಡೆ ತಿರುಗಿದೆ. ಇಪ್ಪತ್ತೇಳು ವರ್ಷಗಳಲ್ಲಿ ಆ ಮುಖವನ್ನು ನಾನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. “ಅಷ್ಟ. ಮತ್ತೇನ್ ಕೊಡ್ಲಿ. ಸೀರಿ ಉಟಗೊಳ್ಳಾಕ ಬಂದಾಕಿ.”

“ಮುಕ್ಕಾಲು ಗಂಟೆ ಕಾಫಿ ಕುಡಿದ್ರಾ?”

“ಬಿಸಿ ಇತ್ತು,” ಎಂದರು ಅತ್ತೆ.

ಆ ಹೆಂಗಸು ನಕ್ಕರು. ಆ ನಗು ಕೇಳಿದ ಮೇಲೆ ನನಗೂ ಅನುಮಾನ ಉಳಿಯಲಿಲ್ಲ. ಎಷ್ಟು ಸಿನಿಮಾಗಳಲ್ಲಿ ಕೇಳಿದ ನಗು ಅದು. ನಕ್ಕು ಮುಗಿಸಿ, ದನಿ ತಗ್ಗಿಸಿ ಹೇಳಿದರು. “ಮೂರು ರೊಟ್ಟಿ ತಿಂದಿದ್ದೆ ನಾನು. ನಾಲ್ಕನೇದು ನೀವು ತಟ್ಟುತಿದ್ರಿ, ಅಷ್ಟರಲ್ಲಿ ಕಾರಿನ ಹಾರನ್ ಆಯ್ತು. ಯಾರಿಗೂ ಹೇಳಬೇಡಿ ಅಂದಿದ್ದೆ. ನಿಜವಾಗ್ಲೂ ಯಾರಿಗೂ ಹೇಳಿಲ್ವಾ?”

“ನಮ್ಮನಿಯವ್ರಿಗೂ ಹೇಳಿಲ್ಲ,” ಎಂದರು ಅತ್ತೆ.

ಆಮೇಲೆ ಇಬ್ಬರೂ ಮಾತಾಡಿದರು, ಕಣ್ಣು ಮುಚ್ಚಿಕೊಂಡೇ, ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡು. ನನಗೆ ತಿಳಿದದ್ದು ಇಷ್ಟು. ಆಕೆಗಾಗ ಇಪ್ಪತ್ತೆರಡು. ಮೈ ಬರುತ್ತಿದೆ ಎಂದು ಯಾರೋ ನಿರ್ದೇಶಕರು ಅಂದಿದ್ದೇ ತಡ, ತಾಯಿ ಅನ್ನ ನಿಲ್ಲಿಸಿಬಿಟ್ಟಿದ್ದರಂತೆ. ಎರಡು ದಿನದಿಂದ ಬರೀ ಮಜ್ಜಿಗೆ. ಶೂಟಿಂಗಿನಲ್ಲೂ ತಾಯಿ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅಂದು ಮಾತ್ರ ಕಾರಿನಲ್ಲಿ ನಿರ್ಮಾಪಕರ ಜೊತೆ ಏನೋ ಜಗಳಕ್ಕೆ ಕೂತಿದ್ದರು. ಸೀರೆ ಉಡಲು ಬಂದ ಹುಡುಗಿಗೆ ಅತ್ತೆಯ ಒಲೆಯ ಮೇಲಿದ್ದ ಜೋಳದ ರೊಟ್ಟಿಯ ವಾಸನೆ ಬಂತು. ಬಳ್ಳಾರಿಯ ಅಜ್ಜಿಯ ಮನೆಯಲ್ಲಿ ತಿಂದು ಬೆಳೆದದ್ದಂತೆ. ಅರ್ಧ ಉಟ್ಟ ಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು, ಬದನೆಕಾಯಿಯ ಎಣಗಾಯಿ ಹಚ್ಚಿಕೊಂಡು, ಅಳುತ್ತ ತಿಂದಳು. ಅತ್ತೆ ಬಾಗಿಲಿಗೆ ಚಿಲಕ ಹಾಕಿ ತಟ್ಟಿ ತಟ್ಟಿ ಹಾಕಿದರು. ಹಾರನ್ ಕೇಳಿದ್ದೇ ಹುಡುಗಿ ಮುಖ ತೊಳೆದು, ಬಾಯಿ ವಾಸನೆ ಹೋಗಲೆಂದು ಏಲಕ್ಕಿ ಜಗಿದು, ತಾಯಿಯ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದು ಕೈ ಮುಗಿದು ಹೋದಳು.

“ಈಗ ನಮ್ಮಮ್ಮ ಇಲ್ಲ,” ಎಂದರು ಆಕೆ. “ಇನ್ನು ಬೇಕಾದ್ರೆ ಹೇಳಬಹುದು ನೀವು.”

ಆಗ ನಾನು ಮಾಡಿದ ಕೆಲಸಕ್ಕೆ ನನಗೇ ಆಶ್ಚರ್ಯ. ಯಾರೂ ಹೇಳದೆಯೇ ಚೀಲದಿಂದ ಪುಸ್ತಕ ತೆಗೆದೆ. ಮೊದಲ ಪೆನ್ನು ಬರೆಯಲಿಲ್ಲ. ಎರಡನೆಯದನ್ನು ಆಕೆಯ ಬೆರಳುಗಳ ನಡುವೆ ಇಟ್ಟು ಕೈಯನ್ನು ಹಾಳೆಯ ಮೇಲೆ ತಂದಿಟ್ಟೆ. ಆಕೆ ಕಣ್ಣು ತೆರೆದರು. ಹನಿಯಿಂದ ಪಾಪೆ ಹಿಗ್ಗಿ ಎಲ್ಲ ಮಂಜಾಗಿತ್ತು. ನಗುತ್ತ ಅಂದಾಜಿನ ಮೇಲೆ ರುಜು ಹಾಕಿದರು. ಅದು ಹಾಳೆಯ ಮಧ್ಯೆ ಶುರುವಾಗಿ, ಹವಾಮಾನದವರ ಹೆಸರನ್ನು ಹಾದು, ಅಂಚು ದಾಟಿ ನನ್ನ ಹೆಬ್ಬೆರಳಿನ ಮೇಲೆ ಮುಗಿಯಿತು. ಅಷ್ಟರಲ್ಲಿ ಸಿಸ್ಟರ್ ಒಂದು ಹೆಸರು ಕೂಗಿದರು. ಅದು ನಾವೆಲ್ಲ ಬಲ್ಲ ಹೆಸರಲ್ಲ, ತಾಯ್ತಂದೆ ಇಟ್ಟದ್ದಿರಬೇಕು. ಆಕೆ ಅತ್ತೆಯ ಕೆನ್ನೆ ಮುಟ್ಟಿ ಎದ್ದು ಹೋದರು.

ಕ್ಯಾಬಿನಲ್ಲಿ ಕೂತ ಕೂಡಲೇ ನನ್ನ ಉತ್ಸಾಹ ಕಟ್ಟೆಯೊಡೆಯಿತು. ಮೊದಲು ಕಮಲಾಗೆ ಫೋನ್ ಮಾಡೋಣ, ಆಮೇಲೆ ನಿಮ್ಮ ಮಗನಿಗೆ, ಆಮೇಲೆ ಶ್ವೇತಾಗೆ ಎಂದೆ. ಆ ಅರ್ಧ ಗಂಟೆಯ ಲೆಕ್ಕ ಕೊನೆಗೂ ಸಿಕ್ಕಿತಲ್ಲ. ಕಪ್ಪು ಕನ್ನಡಕದೊಳಗಿಂದ ಅತ್ತೆ ಬೇಡ ಎಂದರು. ಅವರೇ ಒಪ್ಪಿಗೆ ಕೊಟ್ಟರಲ್ಲ ಎಂದೆ.

“ಹೇಳಬಹುದು ಅಂದ್ಲು. ಹೇಳಬೇಕು ಅನ್ನಲಿಲ್ಲ.”

ಇದಕ್ಕೆ ಏನು ಹೇಳುತ್ತೀರಿ? ವಾದ ಮಾಡಿದೆ. ನಲವತ್ತು ವರ್ಷ ಸುಳ್ಳಿ ಎನಿಸಿಕೊಂಡದ್ದು ಸಾಲದೇ ಎಂದೆ. ಹೊಟ್ಟೆಗಿಲ್ಲದೆ ಒಂದು ಹುಡುಗಿ ನೆಲದ ಮೇಲೆ ಕೂತು ಅತ್ತದ್ದನ್ನು ಬೀದಿಯವರ ಬಾಯಿಗೆ ಹಾಕಿ ತಾನು ಗೆಲ್ಲುವುದೇನಿದೆ ಎಂದರು ಅತ್ತೆ. ತಿರುಮಂಗಲಂ ಸಿಗ್ನಲ್ಲಿನಲ್ಲಿ ಕ್ಯಾಬು ನಿಂತಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ನನಗೆ ಅತ್ತೆಯ ಮೇಲೆ ಸಿಟ್ಟೋ ಅಥವಾ ಅವರ ಕಥೆಗೆ ಒಗ್ಗರಣೆಯ ನೆಪ ಹೇಳಿದ ನನ್ನ ಮೇಲೆಯೇ ಸಿಟ್ಟೋ ತಿಳಿಯಲಿಲ್ಲ.

ಮನೆಯಲ್ಲಿ ರುಜು ತೋರಿಸಿದೆವು. ಗಂಡ ಅದನ್ನು ತಲೆಕೆಳಗು ಮಾಡಿ ನೋಡಿ, ಇದು ನಮ್ಮ ಬೀದಿಯ ಡಾಕ್ಟರು ಬರೆದ ಕೆಮ್ಮಿನ ಔಷಧಿ ಎಂದರು. ಶ್ವೇತಾ ಇಂಟರ್‌ನೆಟ್ಟಿನಿಂದ ಆಕೆಯ ಹಳೆಯ ರುಜು ಹುಡುಕಿ ಪಕ್ಕದಲ್ಲಿಟ್ಟಳು. ಒಂದು ಗೆರೆಯೂ ಹೋಲಲಿಲ್ಲ. ಫೋಟೋ ಯಾಕೆ ತೆಗೆಯಲಿಲ್ಲ ಎಂದು ಕೇಳಿದಳು. ನಾನು ತಡವರಿಸಿದೆ. “ಅಮ್ಮಾ, ಪಾಟಿ ಸೇರ್ಕೆ,” ಎಂದು ನಕ್ಕಳು. ಎಲ್ಲ ಅಜ್ಜಿಯ ಸಹವಾಸದ ಫಲ ಎಂದು ಅರ್ಥ.

ಪೊರೆ ತೆಗೆದ ನಾಲ್ಕನೆಯ ದಿನ ಕಮಲಾ ಪೆರಂಬೂರಿನಿಂದ ಹಣ್ಣು ಹಿಡಿದು ನೋಡಲು ಬಂದರು. ಎಂಬತ್ತು ಹತ್ತಿರವಾದರೂ ಪೊಲೀಸುತನ ಹೋಗಿಲ್ಲ. ಅತ್ತೆ ತಾವಾಗಿ ಏನೂ ಹೇಳಲಿಲ್ಲ, ರುಜುವಿನ ಸುದ್ದಿ ಹೇಳಿದವಳು ಶ್ವೇತಾ. ಕಮಲಾ ಪುಸ್ತಕ ಇಸಿದುಕೊಂಡು ನೋಡಿ, ನನ್ನ ಕಡೆ ತಿರುಗಿದರು. ನೀನು ಕಣ್ಣಾರೆ ನೋಡಿದೆಯಾ ಎಂದು ತಮಿಳಿನಲ್ಲಿ ಕೇಳಿದರು. ನೋಡಿದೆ ಎಂದೆ. ಹಾಗಾದರೆ ಅವರ ಬಾಯಿಂದಲೇ ಕೇಳಿರಬೇಕಲ್ಲ, ಆ ದಿನ ಮುಕ್ಕಾಲು ಗಂಟೆ ಏನು ಮಾಡಿದರಂತೆ ಎಂದರು.

ನಾಲಿಗೆಯ ತುದಿಯಲ್ಲಿ ರೊಟ್ಟಿ ಇತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು. ನನ್ನ ಕಡೆ ನೋಡಲೂ ಇಲ್ಲ, ಬೇಡವೆಂದು ತಲೆ ಅಲ್ಲಾಡಿಸಲೂ ಇಲ್ಲ.

“ಕಾಫಿ ಕುಡಿದರಂತೆ,” ಎಂದೆ.

ಕಮಲಾ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾರ್ವತಿಯ ಮನೆಯಲ್ಲಿ ಸೊಸೆಯೂ ಅದೇ ಕಾಫಿ ಕಲಿತಳು ಎಂದು ಶ್ವೇತಾಗೆ ಹೇಳಿದರು. ಅವಳೂ ನಕ್ಕಳು. ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಸಿಂಕಿಗೆ ಹಾಕಿ ಸದ್ದು ಮಾಡುತ್ತ ಮತ್ತೆ ತೊಳೆಯತೊಡಗಿದೆ. ಕಮಲಾಗೆ ಕನ್ನಡ ಓದಲು ಬಾರದು, ಶ್ವೇತಾ ಓದುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನು, ಅದೂ ಹೆಸರು ಬಿಟ್ಟು, ನಿಮ್ಮೊಬ್ಬರ ಮುಂದೆ ಬರೆದಿದ್ದೇನೆ.

ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆ ಸವರುತ್ತ ಒಳಗೆ ಬಂದರು. ನನ್ನ ಕೈಯಲ್ಲಿದ್ದ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟರು.

“ಮದಲ್ನೇ ದಿನ ಹಂಗ ಉರೀತೈತಿ ಉಮಾ,” ಎಂದರು. “ಆಮ್ಯಾಲೆ ರೂಢಿ ಆಗತೈತಿ.”